ಎಂಟನೇ ಸುತ್ತಿನ ವಸೂಲಿ

ಮೊದಲ ಆಟ ನಾಲ್ಕೇ ನಿಮಿಷಕ್ಕೆ ಮುಗಿಯಿತು.
ಬಿಸ್ಕತ್ತು ಡಬ್ಬದ ರಟ್ಟು ಕತ್ತರಿಸಿ ಶೋರ್ಮೆ ತಾನೇ ಬರೆದ ಎಲೆಗಳು:
ನೇರ ಗುದ್ದು, ಕೊಕ್ಕೆ ಗುದ್ದು, ತಡೆ, ತಪ್ಪಿಸು.
ಕೈಲಿದ್ದದ್ದೆಲ್ಲ ಮೊದಲ ಗಂಟೆಗೇ ಸುರಿದೆ. ಗೆದ್ದೆ.
ಮತ್ತೆ ಹಂಚಿದಳು. ಮತ್ತೆ ಸುರಿದೆ. ಗೆದ್ದೆ.
ಮೂರನೇ ಸಲ ಅವಳೂ ಸುರಿದಳು, ಅವಳು ಗೆದ್ದಳು.
"ಇದು ಗುದ್ದಾಟವಲ್ಲ, ಓಕಾಯ್,
ಮೆಟ್ಟಿಲ ಮೇಲಿಂದ ಪಾತ್ರೆ ಉರುಳಿದ್ದು" ಎಂದಳು.

ಬುಕೊಮ್‌ನಲ್ಲಿ ಗುದ್ದಿಗೇನು ಬರವೆ?
ಮೀನು ಕರಿಯುವ ಬಾಣಲೆಯ ಪಕ್ಕ ಮರಳಿನ ಚೀಲ ತೂಗುತ್ತದೆ,
ಶಾಲೆಯ ಅಂಗಿಯಲ್ಲೇ ಹುಡುಗರು
ತಮ್ಮ ನೆರಳಿನ ಜತೆ ಜಗಳಕ್ಕೆ ನಿಲ್ಲುತ್ತಾರೆ.
ನಾನು ಅಲ್ಲಿ ಗಂಟೆ ಹೊಡೆಯುವವನು.
ಮೂರು ನಿಮಿಷಕ್ಕಿಂತ ಉದ್ದದ ಕಾಲ
ನನ್ನ ಲೆಕ್ಕಕ್ಕೆ ಬಂದದ್ದೇ ಇಲ್ಲ.

ಅವಳ ಅಪ್ಪ ಅತಾ ಲಾರ್ಯೆ
ಕೆಂಕಿ ಮುರಿಯುತ್ತ ಕೂತಿದ್ದ,
ನಡುಗುವ ಬಲಗೈಯ ಮಣಿಕಟ್ಟನ್ನು ಎಡಗೈಲಿ ಹಿಡಿದು.
"ತಲೆಗೆ ಹೊಡೆದರೆ ಊರು ನೋಡುತ್ತೆ.
ಪಕ್ಕೆಗೆ ಹೊಡೆದದ್ದು ಯಾರಿಗೂ ಕಾಣದು, ತಿಂದವನಿಗೂ.
ಎರಡನೇ ಸುತ್ತಲ್ಲಿ ಕೊಡು, ಮರೆತುಬಿಡು.
ಎಂಟರಲ್ಲಿ ಹೋಗಿ ಬಡ್ಡಿ ಸಮೇತ ಕೇಳು."

ಅಂದು ರಾತ್ರಿ ಪಕ್ಕೆಯ ಎಲೆ ಹುಟ್ಟಿತು.
ಮುಖ ಕೆಳಗಾಗಿ ಎದುರಾಳಿಯ ಕಟ್ಟಿನೊಳಗೆ ಹೋಗಿ ಮಲಗುತ್ತದೆ.
ಆಮೇಲೆ ಏದುಸಿರು:
ದೊಡ್ಡ ಗುದ್ದು ಹೊಡೆದವನ ಕಟ್ಟಿಗೇ ಒಂದೊಂದು ಸೇರುತ್ತದೆ,
ಬೇಡವೆಂದ ಗಳಿಗೆಗೆ ಸರಿಯಾಗಿ ಕೈಗೆ ಬರುತ್ತದೆ.
ಕಸರತ್ತಿನ ಖಾತೆಯೊಂದನ್ನೂ ಇಟ್ಟಿದ್ದಳು, ಬಾಟಲಿ ಮುಚ್ಚಳಗಳಲ್ಲಿ.
ಮುಚ್ಚಳ ಎಣಿಸುವುದರಲ್ಲೇ ಬೆಳಗಾಯಿತು.
ಅದನ್ನು ಬಿಸಾಡಿದಳು.

ಆಮೇಲೆ ಬಂತು ಡೋಲು ಮುಚ್ಚುವ ತಿಂಗಳು.
ಪೂಜಾರಿಗಳು ಧಾನ್ಯ ಬಿತ್ತಿದ್ದರು,
ಮೊಳಕೆ ಬೆಚ್ಚಬಾರದೆಂದು ಅಕ್ರಾ ಪಿಸುಗುಟ್ಟುತ್ತಿತ್ತು,
ನನ್ನ ಗಂಟೆಯನ್ನೂ ಚಿಂದಿಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೆ.
ಶೋರ್ಮೆ ಅದನ್ನೇ ನೋಡುತ್ತ ಕೂತಳು. ಬಹಳ ಹೊತ್ತು.
"ನಾವು ಪ್ರತಿ ಪಂದ್ಯದ ಕೊನೆಗೆ ಎಲೆ ಕಲೆಸಿ ಹೊಸದಾಗಿ ಹಂಚುತ್ತೀವಲ್ಲ,
ಮೈಯನ್ನು ಯಾರು ಹಾಗೆ ಹಂಚುತ್ತಾರೆ?"

ಈಗ ಆರು ಪಂದ್ಯಕ್ಕೂ ಒಂದೇ ಕಟ್ಟು.
ನಿನ್ನೆಯ ಏದುಸಿರು ನಾಳೆಯೂ ಒಳಗಿರುತ್ತದೆ.
ಪಂದ್ಯ ಪಂದ್ಯದ ನಡುವೆ ಒಂದು ಮೌನ:
ಹೊಡೆಯುವ ಹಾಗಿಲ್ಲ.
ಒಂದು ಎಲೆ ಬಿತ್ತಬಹುದು, ಎರಡು ಪಂದ್ಯ ಕಾಯಬೇಕು.
ಇಲ್ಲವೆ ಒಂದು ಏದುಸಿರನ್ನು ಕಿತ್ತು ಸಮುದ್ರಕ್ಕೆ ಕೊಡಬಹುದು.
ಎರಡೂ ಮಾಡುವಷ್ಟು ಮೌನ ಯಾರಿಗೂ ಇಲ್ಲ.

ನಾನು ಬಿತ್ತಲಿಲ್ಲ.
ಮೊದಲ ಮೂರು ಪಂದ್ಯ ನನ್ನವೇ. ಓಣಿಯ ಹುಡುಗರು ಹೆಗಲಿಗೆ ಹೆಗಲು ಒತ್ತಿ ನಿಂತರು.
ನಾಲ್ಕನೆಯದರಲ್ಲಿ ಐದು ಎಲೆ ಎತ್ತಿದರೆ ಮೂರು ಏದುಸಿರು.
ಐದರಲ್ಲಿ ಎಂದೋ ತಿಂದಿದ್ದ ಪಕ್ಕೆ ತಿರುಗಿ ಬಿತ್ತು.
ಶೋರ್ಮೆಯ ಎಲೆಗಳು ಒಂದೊಂದಾಗಿ ಮೊಳೆತು ಬರುತ್ತಿದ್ದವು,
ಅವಸರವಿಲ್ಲದೆ, ಸಾಲ ಕೇಳಲು ಬಂದವರ ಹಾಗೆ
ಮೊದಲು ಕ್ಷೇಮ ವಿಚಾರಿಸಿ.

ಅತಾ ಲಾರ್ಯೆ ಬೆನ್ನ ಹಿಂದೆ ನಿಂತು ನೋಡುತ್ತಿದ್ದ.
"ಇದರಲ್ಲಿ ಸಾಕು ಅನ್ನಬಹುದೆ?"
"ಅಂದರೆ?"
"ನಾಲ್ಕನೇ ಪಂದ್ಯ ಮುಗಿಸಿ ಮನೆಗೆ ಹೋಗಬಹುದೆ?"

ಅಂಥ ಎಲೆ ಇರಲಿಲ್ಲ.
ಆರು ಎಂದರೆ ಆರು. ಅವಳಿಗಾಗಲಿ ನನಗಾಗಲಿ ಅದು ಹೊಳೆದೇ ಇರಲಿಲ್ಲ.
ಉಳಿದಿದ್ದ ತುಂಡು ರಟ್ಟಿಗೆ ಕತ್ತರಿ ಹಾಕಿದಳು,
'ಕೈಗವಸು ಬಿಚ್ಚು' ಎಂದು ಬರೆದಳು.
ಮೂಲೆಯಲ್ಲಿ ಬೆಲೆ ಹಾಕಬೇಕು:
ಎಷ್ಟು ಅಂಕ ತೆತ್ತರೆ ಆಟದಿಂದ ಏಳಬಹುದು?

ಅವನು ಎಲೆ ಕೈಗೆ ತೆಗೆದುಕೊಂಡ.
ಅದು ಬೆರಳುಗಳ ನಡುವೆ ಟಪಟಪ ಅಂದಿತು, ಗಾಳಿಯಿರಲಿಲ್ಲ.
"ಅಗ್ಗ ಮಾಡು" ಎಂದ.
"ನನ್ನ ಕಾಲದಲ್ಲಿ ಬಹಳ ತುಟ್ಟಿ ಇತ್ತು."

ಶೋರ್ಮೆ ಪೆನ್ಸಿಲಿನಲ್ಲಿ ಹತ್ತು ಎಂದು ಬರೆದಳು, ಅಳಿಸಿದಳು.
ಆರು. ಅಳಿಸಿದಳು.
ಆ ಮೂಲೆಯಲ್ಲಿ ರಟ್ಟು ಸವೆದು
ಆಚೆಯ ದೀಪ ಕಾಣುವಷ್ಟು ತೆಳುವಾಗಿದೆ.
ಇನ್ನೂ ಬೆಲೆ ಹಾಕಿಲ್ಲ.